ಥರ್ಮೋಸ್ಟಾಟ್ ಕಿತ್ತರೆ ಎಂಜಿನ್ ಜ್ವರ ಇಳಿಯಲ್ಲ

ಹಳೇ ಕಾರು ಬಿಸಿಯಾಗ್ತಿದೆ ಅಂತ ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗೋ ಸಲಹೆ ಒಂದೇ: "ಥರ್ಮೋಸ್ಟಾಟ್ ತೆಗೆದುಬಿಡೋಣ ಸಾರ್, ನಮ್ ಕಡೆ ಬಿಸಿಲಿಗೆ ಅದು ಬೇಕಾಗಲ್ಲ." ನಾಲ್ಕು ಜನ ದುಡ್ಡು ಸೇರಿಸಿ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋ ಲೆಕ್ಕ ನಮ್ಮ ಕ್ಯಾಂಪಸ್‌ನಲ್ಲೂ ಆಗಾಗ ನಡೀತಿರತ್ತೆ. ತಯಾರಿಕೆ 2014ರಲ್ಲೇ ನಿಂತ ಮಾರುತಿ 800 ಇವತ್ತು ಸಿಕ್ಕರೆ ಅದಕ್ಕೆ ಹತ್ತು ವರ್ಷ ದಾಟಿರುತ್ತೆ. ಅಂಥ ಕಾರು ಕೊಳ್ಳುವವರು ಈ ಸಲಹೆಗೆ ತಲೆಯಾಡಿಸಬಾರದು ಅನ್ನೋದು ನನ್ನ ವಾದ.

ಥರ್ಮೋಸ್ಟಾಟ್ ಒಳಗಿರೋದು ಮೇಣ. ಕೂಲಂಟ್ ಸುಮಾರು 82ರಿಂದ 88 ಡಿಗ್ರಿ ಮುಟ್ಟಿದಾಗ ಆ ಮೇಣ ಕರಗಿ, ಹಿಗ್ಗಿ, ರೇಡಿಯೇಟರ್ ಕಡೆಯ ಬಾಗಿಲು ತೆರೆಯುತ್ತದೆ. ಅದನ್ನು ಕಿತ್ತರೆ ಎಂಜಿನ್ ಬೆಚ್ಚಗಾಗೋದೇ ತಡ. ಪೆಟ್ರೋಲ್ ಹೆಚ್ಚು ಕುಡಿಯುತ್ತೆ, ಸವೆತವೂ ಹೆಚ್ಚು. ಕೆಲವು ಎಂಜಿನ್‌ಗಳಲ್ಲಿ ಇದೇ ಥರ್ಮೋಸ್ಟಾಟ್ ಬೈಪಾಸ್ ದಾರಿಯನ್ನೂ ಮುಚ್ಚಬೇಕು. ಅಲ್ಲಿ ಅದನ್ನು ತೆಗೆದರೆ ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ಗೇ ವಾಪಸ್ ಬಂದು, ಬಿಸಿ ಇನ್ನೂ ಏರಬಹುದು. ಅನುಮಾನ ಇದ್ದರೆ ಪರೀಕ್ಷೆ ಸುಲಭ: ಪಾತ್ರೆ ನೀರಿನಲ್ಲಿ ಅದನ್ನು ದಾರ ಕಟ್ಟಿ ಇಳಿಬಿಟ್ಟು, ಒಂದು ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ ಅಚ್ಚಾಗಿರೋ ಡಿಗ್ರಿ ಹತ್ತಿರ ತೆರೆದುಕೊಂಡರೆ ಅದು ನಿರಪರಾಧಿ.

ಹಾಗಾದರೆ ಹುಡುಕಾಟ ಎಲ್ಲಿಂದ ಶುರು? "ಯಾವಾಗ ಬಿಸಿಯಾಗುತ್ತೆ?" ಅನ್ನೋ ಪ್ರಶ್ನೆಯಿಂದ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಳ್ಳು ಏರಿ, ಗಾಡಿ ಓಡತೊಡಗಿದ ಮೇಲೆ ಇಳಿದರೆ ಕೊರತೆ ಗಾಳಿಯದು. ಆಗ ಫ್ಯಾನ್ ನೋಡಿ. ಬ್ಯಾಟರಿಯಿಂದ ನೇರ ವೈರ್ ಕೊಟ್ಟಾಗ ತಿರುಗಿದರೆ ಮೋಟರ್ ಸರಿಯಿದೆ. ತಪ್ಪು ಫ್ಯೂಸ್, ರಿಲೇ ಅಥವಾ ಸ್ವಿಚ್‌ನಲ್ಲಿದೆ. ಸಿಟಿಯಲ್ಲಿ ಸುಮ್ಮನಿದ್ದು ಹೈವೇಯಲ್ಲಿ, ಚಾರ್ಮಾಡಿ ಘಾಟಿ ಹತ್ತುವಾಗ ಏರಿದರೆ ನೀರಿನ ಹರಿವು ಸಾಲುತ್ತಿಲ್ಲ: ಕಟ್ಟಿಕೊಂಡ ರೇಡಿಯೇಟರ್, ಸವೆದ ವಾಟರ್ ಪಂಪ್, ಪೂರ್ತಿ ತೆರೆಯದ ಥರ್ಮೋಸ್ಟಾಟ್. ಎಲ್ಲೂ ಸೋರದೆ ನೀರು ಖಾಲಿಯಾಗ್ತಿದ್ದರೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ಆಮೇಲೆ ಗಾಡಿ ಓಡಿಸಬೇಡಿ. ಹೆಡ್ ಬೆಂಡಾದರೆ ಬಿಲ್ಲು ಕಾರಿನ ಬೆಲೆಗೇ ಸವಾಲು ಹಾಕುತ್ತೆ.

ನಮ್ಮ ಕಡೆಯ ಇನ್ನೊಬ್ಬ ಅಪರಾಧಿ ಬೋರ್‌ವೆಲ್ ನೀರು. ಹಾಸ್ಟೆಲ್‌ನಲ್ಲಿ ಬಕೆಟ್ ನೀರು ಕಾಯಿಸೋ ಕಾಯಿಲ್ ಮೇಲೆ ಬಿಳಿ ಪದರ ಕೂತಿರೋದು ನೋಡಿದ್ದೀರಲ್ವಾ? ಕೂಲಂಟ್ ಬದಲು ವರ್ಷಗಟ್ಟಲೆ ಅದೇ ನೀರು ಸುರಿದ ರೇಡಿಯೇಟರ್ ಒಳಗೂ ಅದೇ ಪದರ. ಅಂಥದ್ದಕ್ಕೆ ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಪ್ರಯೋಜನವಿಲ್ಲ.

ಒಂದು ಎಚ್ಚರಿಕೆ. ಮುಳ್ಳು ಕೆಂಪು ಮುಟ್ಟಿದರೆ ಎಸಿ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಕಾಯಿರಿ. ಕ್ಯಾಪ್ ಮುಟ್ಟಬೇಡಿ. ಅದು ಸುಮಾರು 0.9 ಬಾರ್ ಒತ್ತಡ ಹಿಡಿದಿಟ್ಟಾಗ ಒಳಗಿನ ನೀರು 118 ಡಿಗ್ರಿವರೆಗೂ ಕುದಿಯದೆ ಇರಬಲ್ಲದು. ಬೆಂಗಳೂರಿನ ಎತ್ತರದಲ್ಲಿ ತೆರೆದ ನೀರು ಕುದಿಯೋದು 97ರ ಆಸುಪಾಸಿನಲ್ಲೇ. ಕ್ಯಾಪ್ ತಿರುಗಿಸಿದ ಕ್ಷಣ ಆ ವ್ಯತ್ಯಾಸವೆಲ್ಲ ಹಬೆಯಾಗಿ ಮುಖಕ್ಕೆ ಹಾರುತ್ತೆ. ಥರ್ಮೋಡೈನಮಿಕ್ಸ್ ಪೇಪರ್‌ನಲ್ಲಿ ಇದಕ್ಕೆ ಐದು ಮಾರ್ಕ್ಸ್ ಇರಬಹುದು, ರಸ್ತೆಯಲ್ಲಿ ಇದು ಕಣ್ಣಿನ ಪ್ರಶ್ನೆ.

ಹಾಗಂತ ಎಲ್ಲ ತಪ್ಪನ್ನೂ ಮೆಕ್ಯಾನಿಕ್ ತಲೆಗೆ ಕಟ್ಟೋದು ಅನ್ಯಾಯ. ಹೊಸ ಪಾರ್ಟ್‌ಗೆ ಎರಡು ಸಾವಿರ ಕೊಡ್ತೀವಿ. ಒಂದು ಗಂಟೆ ಕೂತು ತಪಾಸಣೆ ಮಾಡಿದ್ದಕ್ಕೆ ಇನ್ನೂರು ಕೇಳಿದರೆ "ಏನೂ ಬದಲಾಯಿಸಲೇ ಇಲ್ವಲ್ಲ ಅಣ್ಣಾ" ಅಂತ ಚೌಕಾಸಿ ಮಾಡ್ತೀವಿ. ಹುಡುಕಿದ್ದಕ್ಕೆ ಕೂಲಿ ಇಲ್ಲದ ಕಡೆ ಹುಡುಕುವವರು ಯಾಕಿರ್ತಾರೆ? ಕಿತ್ತೆಸೆಯೋದು ಬೇಗ ಮುಗಿಯುತ್ತೆ, ಗಿರಾಕಿಯೂ ಖುಷಿ. ಕೊನೆಗೆ ಆ ಕಾರು ಥರ್ಮೋಸ್ಟಾಟ್ ಇಲ್ಲದೆ, ಒಳಗಿನ ರೋಗ ಹಾಗೇ ಇಟ್ಟುಕೊಂಡು, ನಮ್ಮಂಥವರ ಕೈಗೆ ಬರುತ್ತೆ.

ನಾಳೆ ನಾವು ಕೂರುವ ಜಾಗ ಪವರ್ ಪ್ಲಾಂಟ್ ಆಗಲಿ, ಸರ್ವರ್ ರೂಮ್ ಆಗಲಿ, ಅಲ್ಲೂ ಅಲಾರಂ ಹೊಡೆದಾಗ ಸೆನ್ಸರ್ ಕೀಳು ಅನ್ನುವವರು ಇರ್ತಾರೆ. "ಯಾವಾಗ ಹೊಡೀತು? ಆಗ ಏನು ನಡೀತಿತ್ತು?" ಅಂತ ಕೇಳೋ ಅಭ್ಯಾಸ ಈಗಲೇ ಆಗಲಿ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಅಣ್ಣನಿಗೆ ಮೊದಲೇ ಹೇಳಿ: ಪಾರ್ಟ್ ಬದಲಾಯಿಸದಿದ್ದರೂ ಪರವಾಗಿಲ್ಲ, ನೋಡಿದ್ದಕ್ಕೆ ದುಡ್ಡು ಕೊಡ್ತೀವಿ.