ಬಿಚ್ಚಲು ಬಾರದ ಬೆಳಕು

ತಿಪಟೂರಿನ ಬಳಿ ತೆಂಗಿನ ತೋಟ ನೋಡಿಕೊಂಡಿರುವ ನನ್ನ ತಂದೆಗೆ ಎರಡು ವರ್ಷಗಳ ಹಿಂದೆ ಬೆಂಗಳೂರಿನಿಂದ ಒಂದು ರೀಚಾರ್ಜಬಲ್ ಟಾರ್ಚ್ ಒಯ್ದು ಕೊಟ್ಟಿದ್ದೆ. ಹತ್ತೇ ತಿಂಗಳಲ್ಲಿ ಅದು ಕಣ್ಣು ಮುಚ್ಚಿತು. ತ್ರೀಫೇಸ್ ವಿದ್ಯುತ್ ರಾತ್ರಿ ಬರುವ ದಿನಗಳಲ್ಲಿ ಪಂಪ್‌ಸೆಟ್ ಚಾಲೂ ಮಾಡಲು ಬದುವಿನ ಮೇಲೆ ನಡೆದುಹೋಗಬೇಕಾದ, ಎಪ್ಪತ್ತು ದಾಟಿದ ಮನುಷ್ಯನಿಗೆ ಟಾರ್ಚ್ ಶೋಕಿಯ ವಸ್ತುವಲ್ಲ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿತು. ಒಳ್ಳೆಯ ಕ್ರಮವೇ. ಆದರೆ ಬದುವಿನ ಮೇಲೆ ಏನು ಮಲಗಿದೆ ಎಂದು ತೋರಿಸುವ ಬೆಳಕು ವರದಿಗಿಂತ ಮೊದಲು ಬೇಕಾದದ್ದು.

ಕೊಂಡ ಅಂಗಡಿಯವರು ಟಾರ್ಚನ್ನು ಮುಟ್ಟಿಯೂ ನೋಡದೆ, 'ಬಿಸಾಕಿ ಸಾರ್, ಹೊಸದು ತಗೊಳ್ಳಿ' ಎಂದರು. ಅದಕ್ಕೆ ಒಂದು ತಿರುಪೂ ಇರಲಿಲ್ಲ. ಎರಡು ಪ್ಲಾಸ್ಟಿಕ್ ಹೋಳುಗಳನ್ನು ಅಂಟು ಹಾಕಿ ಕೂಡಿಸಿದ್ದರು. ಕೊನೆಗೆ ಗರಗಸದಿಂದ ಕೊಯ್ದು ನೋಡಿದೆ. ಎಲ್‌ಇಡಿಗಳು ಒಂದೂ ಕೆಟ್ಟಿರಲಿಲ್ಲ. ಸತ್ತಿದ್ದುದು 4 ವೋಲ್ಟಿನ ಪುಟ್ಟ ಲೆಡ್-ಆಸಿಡ್ ಬ್ಯಾಟರಿ. ಪೂರ್ತಿ ಬರಿದಾದ ಮೇಲೆ ಚಾರ್ಜ್ ಮಾಡದೆ ವಾರಗಟ್ಟಲೆ ಬಿಟ್ಟರೆ ಇಂಥ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಹೆಪ್ಪುಗಟ್ಟುತ್ತದೆ. ಮತ್ತೆ ಅದು ಚೇತರಿಸಿಕೊಳ್ಳುವುದಿಲ್ಲ. ನೀಲಿ ಎಲ್‌ಇಡಿಯ ಸಂಶೋಧನೆಗಾಗಿ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಸಂದಿತು. ಸಾವಿರಾರು ಗಂಟೆ ಬಾಳಬಲ್ಲ ಆ ದೀಪವನ್ನು ತಿಂಗಳುಗಳಲ್ಲಿ ಸಾಯುವ ಬ್ಯಾಟರಿಯ ಜೊತೆ ಅಂಟಿನಲ್ಲಿ ಸಮಾಧಿ ಮಾಡುವುದಕ್ಕೆ ಏನೆನ್ನಬೇಕು?

ಆ ಸಿಟ್ಟಿನಲ್ಲೇ ಅಟ್ಟದ ಮೇಲಿದ್ದ, ಮೂರು ದೊಡ್ಡ ಸೆಲ್ಲಿನ ಹಳೆಯ ಸ್ಟೀಲ್ ಟಾರ್ಚನ್ನು ಕೆಳಗಿಳಿಸಿದೆ. ನಮ್ಮೂರಿನಲ್ಲಿ ಅದಕ್ಕೆ ಈಗಲೂ 'ಬ್ಯಾಟ್ರಿ' ಎಂದೇ ಹೆಸರು. ಅದರ ಹಿಂದಿನ ಮುಚ್ಚಳ ತಿರುಗಿಸಿದರೆ ಸ್ಪ್ರಿಂಗಿನ ಒಳಗೆ ಒಂದು ಬಿಡಿ ಬಲ್ಬ್ ಇತ್ತು. ಕೆಡುವುದು ಸಹಜ, ಸರಿಪಡಿಸುವುದೂ ಸಹಜ ಎಂದು ತಿಳಿದಿದ್ದವರು ಮಾಡಿದ ವಸ್ತು ಅದು.

ಎಸ್‌.ಪಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದು ಒಂದು ಎಲ್‌ಇಡಿ, 18650 ಎಂಬ ಲಿಥಿಯಂ ಸೆಲ್, ಅದಕ್ಕೊಂದು ಚಾರ್ಜರ್ ತಂದೆ. ಸಂಖ್ಯೆಯಲ್ಲಿ ರಹಸ್ಯವೇನಿಲ್ಲ, ವ್ಯಾಸ 18 ಮಿಲಿಮೀಟರ್, ಉದ್ದ 65. ಹಳೆಯ ಕೊಳವೆಯಲ್ಲಿ ಅದು ಗಡಗಡ ಅಲ್ಲಾಡದಂತೆ ವೈರಿಂಗಿನ ಪಿವಿಸಿ ಪೈಪಿನ ತುಂಡು ತೊಡಿಸಿದೆ. ಮೊದಲ ಪ್ರಯತ್ನ ಒಂದು ಸಂಜೆಯೂ ಬಾಳಲಿಲ್ಲ. ತುಂಬಿದ ಸೆಲ್ಲಿನಲ್ಲಿ 4.2 ವೋಲ್ಟ್ ಇರುತ್ತದೆ, ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು ಮೂರು. ನೇರವಾಗಿ ಜೋಡಿಸಿದರೆ ಅದು ಮಿತಿ ಮೀರಿ ವಿದ್ಯುತ್ ಹೀರಿಕೊಳ್ಳುತ್ತದೆ. ತನ್ನ ಬೆನ್ನಿನ ಶಾಖವನ್ನು ಚೆಲ್ಲಲು ಅದಕ್ಕೆ ಲೋಹವೂ ಬೇಕು. ನಾನು ಎರಡನ್ನೂ ಒದಗಿಸಿರಲಿಲ್ಲ. ಬೆಳಕು ಮೊದಲು ಕಣ್ಣು ಕೋರೈಸಿತು, ಆಮೇಲೆ ನೀಲಿಗಟ್ಟಿತು, ಆಮೇಲೆ ಇಲ್ಲವಾಯಿತು.

ಎರಡನೆಯ ಸಲ, ವಿದ್ಯುತ್ತನ್ನು 350 ಮಿಲಿಆಂಪಿಯರಿಗೆ ಹಿಡಿದಿಡುವ ಒಂದು ಪುಟ್ಟ ಡ್ರೈವರ್ ಹಲಗೆ ಹಾಕಿದೆ. ತೂತುಬಿದ್ದ ಅಲ್ಯೂಮಿನಿಯಂ ಪಾತ್ರೆಯ ತಳದಿಂದ ಬಿಲ್ಲೆ ಕತ್ತರಿಸಿ, ಶಾಖವಾಹಕ ಪೇಸ್ಟ್ ಸವರಿ, ಅದರ ಮೇಲೆ ಎಲ್‌ಇಡಿ ಕೂರಿಸಿದೆ. ಹೆಚ್ಚುಕಡಿಮೆ ಒಂದೇ ವ್ಯಾಟ್. 2600 ಮಿಲಿಆಂಪಿಯರ್-ಗಂಟೆಯ ಸೆಲ್ ಏಳು ಗಂಟೆಯಷ್ಟು ಹೊತ್ತು ಬೆಳಕು ಕೊಡುತ್ತದೆ. ಬದು ದಾಟಲು ಧಾರಾಳ.

ಇದು ಉಳಿತಾಯದ ಕಥೆಯಲ್ಲ. ಖರ್ಚು ಹೊಸ ಟಾರ್ಚಿಗಿಂತ ಹೆಚ್ಚಾಯಿತು. ಎಲ್ಲರೂ ಮನೆಯಲ್ಲಿ ಬೆಸುಗೆ ಹಾಕುತ್ತಾ ಕೂರಬೇಕೆಂದೂ ನಾನು ಹೇಳುತ್ತಿಲ್ಲ. ರಕ್ಷಣಾ ಸರ್ಕಿಟ್ ಇಲ್ಲದ ಲಿಥಿಯಂ ಸೆಲ್ ಶಾರ್ಟ್ ಆದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ನನ್ನ ತಕರಾರು ತಯಾರಕರ ಮೇಲೆ. ಒಬ್ಬ ಹವ್ಯಾಸಿಯ ಊಟದ ಮೇಜಿನ ಮೇಲೆ ಸಾಧ್ಯವಾದ ತಿರುಪಿನ ಮುಚ್ಚಳ ಕಾರ್ಖಾನೆಯಲ್ಲಿ ಏಕೆ ಅಸಾಧ್ಯ? ನೀರು ಒಳಗೆ ಹೋಗಬಾರದೆಂದು ಅಂಟು ಹಾಕುತ್ತೇವೆ ಎನ್ನುವವರಿದ್ದಾರೆ. ಒಂದು ರಬ್ಬರ್ ಉಂಗುರ ಆ ಕೆಲಸವನ್ನು ಮಾಡುತ್ತದೆ. ಮುಳುಗುಗಾರರ ಟಾರ್ಚುಗಳಲ್ಲಿ ಇರುವುದೂ ಅದೇ.

ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮದ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೈಯಲ್ಲಿ ಹಿಡಿದು ಬಳಸುವ ಸಾಧನಗಳ ಬ್ಯಾಟರಿಯನ್ನು 2027ರ ಫೆಬ್ರುವರಿಯಿಂದ ಬಳಕೆದಾರನೇ ತೆಗೆದು ಬದಲಿಸುವಂತಿರಬೇಕು. ನಮ್ಮಲ್ಲಿಯೂ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಅದು ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ಯಂತ್ರ ಮತ್ತು ವಾಹನಗಳನ್ನು. ರಾತ್ರಿ ತೋಟಕ್ಕೆ ಹೋಗುವವನ ಟಾರ್ಚ್ ಕೃಷಿ ಉಪಕರಣವಲ್ಲವೇ ಎಂದು ಕೇಳಬೇಕೆನಿಸುತ್ತದೆ.

ಹೊಸ ಟಾರ್ಚನ್ನು ಅಪ್ಪನ ಕೈಗೆ ಕೊಟ್ಟಾಗ ಅವರು ತೋಟದ ಕೊನೆಯ ತೆಂಗಿನ ಮರಕ್ಕೆ ಬೆಳಕು ಬಿಟ್ಟು ನೋಡಿದರು. ಮುಚ್ಚಳ ತಿರುಗಿಸಿ ಸೆಲ್ಲನ್ನು ಅಂಗೈಗೆ ಹಾಕಿಕೊಂಡರು. 'ಬೆಳಕೇನೋ ಚೆನ್ನಾಗೈತೆ. ಈ ಸೆಲ್ಲು ಹೋದ್ರೆ ನಮ್ಮ ಶೆಟ್ಟರಂಗಡೀಲಿ ಸಿಗ್ತದೇನೋ?' ಎಂದರು.

ಇಲ್ಲ ಎಂದೆ. ಆ ಮೇಲೆ ಎರಡು ಬಿಡಿ ಸೆಲ್ಲುಗಳನ್ನು ತಂದುಕೊಟ್ಟಿದ್ದೇನೆ.