ಗುಲಗಂಜಿಯ ತೂಕ

“ನಮ್ಮ ಊರನ್ನ ನಮಗೇ ತೋರಿಸೋದಕ್ಕೆ ಒಬ್ಬರಿಗೆ ದುಡ್ಡು ಕೊಡಬೇಕೇನೋ?” ಎಂದು ನಮ್ಮ ತಾಯಿಯವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಂಜನಗೂಡು ಅವರು ಸೊಸೆಯಾಗಿ ಕಾಲಿಟ್ಟ ಊರು; ನಾನೂ ನನ್ನ ತಂಗಿಯೂ ಹುಟ್ಟಿ ಬೆಳೆದ ಊರು. ಅಂಥವರನ್ನು ಬಾಡಿಗೆಯ ಕಾರಿನಲ್ಲಿ ಕುಳ್ಳಿರಿಸಿ, ಮಾರ್ಗದರ್ಶಿಯೊಬ್ಬರನ್ನು ಜೊತೆಗಿಟ್ಟುಕೊಂಡು, ಒಂದು ದಿನದ ಮಟ್ಟಿಗೆ ಪರಸ್ಥಳದವರಂತೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳನ್ನು ನೋಡಿಬರಬೇಕೆಂಬ ಯೋಚನೆ ನನ್ನದಲ್ಲ, ತಂಗಿಯದು.

ತಂಗಿಯ ಸಂಸಾರ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ ಪೋರ್ವೊ ಎಂಬ ಪುಟ್ಟ ಪಟ್ಟಣ. ನದಿಯ ದಡದಲ್ಲಿ ಕಾವಿಯ ಬಣ್ಣ ಬಳಿದ ಮರದ ಉಗ್ರಾಣಗಳ ಸಾಲು, ಅದರ ಹಿಂದೆ ಉರುಟು ಕಲ್ಲು ಹಾಸಿದ ಓಣಿಗಳು, ದಿಬ್ಬದ ಮೇಲೆ ಹಳೆಯದೊಂದು ಇಗರ್ಜಿ. ರಷ್ಯದ ಚಕ್ರವರ್ತಿ ಒಂದನೆಯ ಅಲೆಕ್ಸಾಂಡರನು 1809ರಲ್ಲಿ ಫಿನ್ಲೆಂಡಿನ ಪ್ರತಿನಿಧಿಗಳ ಸಭೆಯನ್ನು ಕರೆದದ್ದು ಅಲ್ಲಿಯೇ. ಆ ನಾಡಿನ ರಾಷ್ಟ್ರಕವಿ ರೂನೆಬರ್ಗನ ಮನೆಯನ್ನು 1882ರಿಂದ ವಸ್ತುಸಂಗ್ರಹಾಲಯವನ್ನಾಗಿ ಕಾಪಾಡಿಕೊಂಡು ಬಂದಿದ್ದಾರೆ. 1760ರಲ್ಲಿ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋದಾಗ ಹಳೆಯ ಓಣಿಗಳ ಜಾಡಿನ ಮೇಲೆಯೇ ಮನೆಗಳನ್ನು ಮತ್ತೆ ಕಟ್ಟಿದರು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಪೇಟೆಯನ್ನು ಕೆಡವಿ ಹೊಸ ಬೀದಿಗಳನ್ನು ಹಾಕುವ ನಕ್ಷೆಯೊಂದು ಸಿದ್ಧವಾದಾಗ, ಲೂಯಿ ಸ್ಪಾರೆ ಎಂಬ ಚಿತ್ರಕಾರನನ್ನು ಮುಂದಿಟ್ಟುಕೊಂಡು ಜನ ಅಡ್ಡ ನಿಂತರು, ಪೇಟೆ ಉಳಿಯಿತು.

ಆ ಊರಿಗೆ ತಂಗಿ, ಆಕೆಯ ಪತಿ, ಹತ್ತು ವರ್ಷದ ಮಗಳು, ಒಂದು ಕಾರನ್ನೂ ಒಬ್ಬ ಮಾರ್ಗದರ್ಶಿಯನ್ನೂ ತಮಗಾಗಿಯೇ ಗೊತ್ತುಮಾಡಿಕೊಂಡು ಹೋಗಿದ್ದರು. ದೊಡ್ಡ ಗುಂಪಿನ ಗದ್ದಲವಿಲ್ಲ, ‘ಬಸ್ಸು ಹೊರಡುತ್ತದೆ, ಬನ್ನಿ’ ಎಂಬ ಕೂಗಿಲ್ಲ. ಮಗು ಎಲ್ಲಿ ನಿಂತಿತೋ ಅಲ್ಲಿ ಎಲ್ಲರೂ ನಿಂತರು. ಹಿಂತಿರುಗುವಾಗ ಮಗು, “ಅಮ್ಮ, ನಿನ್ನ ಊರಲ್ಲಿ ಏನೇನಿದೆ?” ಎಂದು ಕೇಳಿತಂತೆ. “ದೇವಸ್ಥಾನ ಇದೆ, ಹೊಳೆ ಇದೆ” ಎಂದ ತಂಗಿಗೆ ಮೂರನೆಯ ಮಾತು ಹೊರಡಲಿಲ್ಲ. ಆ ನಾಚಿಕೆಯನ್ನು ಆಕೆ ಮೈಸೂರಿಗೆ ಬರುವಾಗ ಜೊತೆಯಲ್ಲೇ ತಂದಿದ್ದಳು.

ಇಷ್ಟೇ ಆಗಿದ್ದರೆ ಇದು ನಾಲ್ಕು ಜನರ ಒಂದು ದಿನದ ವಿಹಾರವಾಗಿ ಮುಗಿದುಹೋಗುತ್ತಿತ್ತು. ಆದರೆ ಈ ಸಲ ತಂಗಿ ಮಗಳೊಡನೆ ಬಂದಿದ್ದ ಮುಖ್ಯ ಕಾರಣವೇ ಬೇರೆ. ನಂಜನಗೂಡಿನಲ್ಲಿ ನಮ್ಮ ತಂದೆಯವರ ತೊಟ್ಟಿಯ ಮನೆಯೊಂದಿದೆ. ಅವರು ತೀರಿಕೊಂಡ ಮೇಲೆ ತಾಯಿ ಮೈಸೂರಿಗೆ, ನನ್ನ ಮನೆಗೆ ಬಂದರು. ಅಲ್ಲಿಗೆ ನಾಲ್ಕು ವರ್ಷಗಳಿಂದ ಬೀಗ. ಅದನ್ನು ಕೆಡವಿ ಯಾತ್ರಿಕರ ವಸತಿಗೃಹವನ್ನು ಕಟ್ಟುತ್ತೇನೆಂಬ ಗಿರಾಕಿ ಸಿಕ್ಕಿದ್ದರು. ನನಗೋ ನಿವೇಶನ ಕೊಳ್ಳಲು ಮಾಡಿದ ಸಾಲ ತಲೆಯ ಮೇಲಿತ್ತು. ಸೋಮವಾರ ಕ್ರಯಪತ್ರದ ನೋಂದಣಿ. ಮೂವರೂ ಸಹಿ ಹಾಕಬೇಕು. ನಮ್ಮ ವಿಹಾರ ಅದಕ್ಕೆ ಮೊದಲಿನ ಶನಿವಾರ.

ಮಾರ್ಗದರ್ಶಿಗಳು ಐವತ್ತು ದಾಟಿದವರು, ನರಸೀಪುರದ ಕಡೆಯವರು. ವಾಚಕರು ನನ್ನ ಕೀಟಲೆಯನ್ನು ಮನ್ನಿಸಬೇಕು. ನಾವು ಯಾವ ಊರಿನವರೆಂಬುದನ್ನು ಅವರಿಗೆ ತಿಳಿಸಕೂಡದೆಂದು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದೆ. ವರ್ಷವಿಡೀ ಉತ್ತರಪತ್ರಿಕೆಗಳನ್ನು ತಿದ್ದುವವನಿಗೆ ಎದುರಿಗೆ ಬಂದವರನ್ನೆಲ್ಲ ಪರೀಕ್ಷಿಸುವ ಚಟ. ಆತ ಎಲ್ಲಿ ಎಡವುತ್ತಾರೋ ನೋಡಿ ಅಂಕ ಕಳೆಯಬೇಕೆಂದು ಸಿದ್ಧನಾಗಿ ಕುಳಿತಿದ್ದೆ.

ಮೊದಲು ಎಡವಿದವನು ನಾನೇ. ಕಪಿಲಾ ನದಿಯ ಹಳೆಯ ಸೇತುವೆಯ ಬಳಿ ಕಾರು ನಿಂತಿತು. ಬಾಲ್ಯದಲ್ಲಿ ಆ ಸೇತುವೆಯ ಮೇಲೆ ಅದೆಷ್ಟು ಸಲ ಮೈಸೂರಿನ ರೈಲಿನಲ್ಲಿ ಹೋಗಿ ಬಂದಿದ್ದೇನೋ, ಕಿಟಕಿಯಿಂದ ಹೊಳೆಗೆ ಅದೆಷ್ಟು ಕಾಸು ಎಸೆದಿದ್ದೇನೋ! “ರೈಲಿಗೋಸ್ಕರ ಬ್ರಿಟಿಷರು ಕಟ್ಟಿಸಿದ್ದಲ್ಲವೆ?” ಎಂದು ಗಾಂಭೀರ್ಯದಿಂದ ಕೇಳಿದೆ. ಆತ ನಕ್ಕರು. “ಇಲ್ಲ ಸಾರ್. ಇದನ್ನ ಕಟ್ಟಿಸಿದ್ದು ದಳವಾಯಿ ದೇವರಾಜ, 1735ರಲ್ಲಿ. ಆಗ ಮೈಸೂರಿಗೆ ಬ್ರಿಟಿಷರೂ ಬಂದಿರಲಿಲ್ಲ, ಲೋಕದಲ್ಲಿ ಉಗಿಬಂಡಿಯೂ ಇರಲಿಲ್ಲ. ಎತ್ತಿನ ಗಾಡಿ ಹೋಗಲಿ ಅಂತ ಕಟ್ಟಿದ ಕಲ್ಲಿನ ಸೇತುವೆ. ನೂರೈವತ್ತು ವರ್ಷ ಆದಮೇಲೆ ಇದರ ಮೇಲೇ ರೈಲು ಬಿಟ್ಟರು, ಪಕ್ಕದಲ್ಲೇ ರಸ್ತೆ. ಎರಡನ್ನೂ ಹೊತ್ತುಕೊಂಡಿತ್ತು.” ಅಗಲ ಹಳಿ ಬಂದಮೇಲೆ ರೈಲು ಪಕ್ಕದ ಹೊಸ ಸೇತುವೆಗೆ ಹೋಯಿತು, ಇದನ್ನು ಪಾರಂಪರಿಕ ಸೇತುವೆಯೆಂದು ಉಳಿಸಿಕೊಂಡಿದ್ದಾರೆ. ಕನ್ನಡ ಎಂ.ಎ. ಪದವೀಧರನು ತನ್ನ ಊರಿನ ಬಾಗಿಲಲ್ಲೇ ಅನುತ್ತೀರ್ಣನಾದನೆಂದು ತಂಗಿ ಕಣ್ಣಲ್ಲೇ ಹೇಳಿದಳು.

ಸ್ನಾನಘಟ್ಟದಲ್ಲಿ ಆತ ಮಗುವನ್ನು ಹದಿನಾರು ಕಾಲು ಮಂಟಪದ ಎದುರು ನಿಲ್ಲಿಸಿ, “ಇದು ಈ ಊರಿನ ಅಳತೆಗೋಲು ಪುಟ್ಟಿ” ಎಂದರು. ಮಳೆ ಇಲ್ಲಿ ಬೀಳಬೇಕಾಗಿಲ್ಲ. ದೂರದ ವಯನಾಡಿನಲ್ಲಿ ಬಿದ್ದರೆ ಸಾಕು. ಕಬಿನಿ ಜಲಾಶಯ ತುಂಬಿ ನೀರು ಬಿಟ್ಟಾಗ ಹೊಳೆ ಏರುತ್ತ ಬಂದು ಮಂಟಪವನ್ನು ಮುಳುಗಿಸುತ್ತದೆ. ತಗ್ಗಿನಲ್ಲಿರುವವರು ಅದನ್ನು ನೋಡಿ ಗಂಟುಮೂಟೆ ಕಟ್ಟುತ್ತಾರೆ. ಮಗು ಕಂಬದ ಬುಡದಿಂದ ತುದಿಯವರೆಗೆ ಕಣ್ಣು ಹಾಯಿಸಿ, ಅಷ್ಟು ನೀರನ್ನು ಮನಸ್ಸಿನಲ್ಲೇ ತುಂಬಿ ನೋಡಿತು.

ದೇವಾಲಯದಲ್ಲಿ ಆತನ ಮಾತು ಮಿತವಾಯಿತು. ದರ್ಶನಕ್ಕೆ ಬಂದವರಿಗೆ ಅಡ್ಡಿಯಾಗಬಾರದೆಂಬ ವಿವೇಕ. ಉದ್ದ 385 ಅಡಿ, ಅಗಲ 160 ಅಡಿ. 120 ಅಡಿಯ ರಾಜಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1845ರಲ್ಲಿ ರಾಣಿ ದೇವಾಜಮ್ಮಣ್ಣಿಯವರು ಕಟ್ಟಿಸಿದ್ದು. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಹೋದ ಕಣ್ಣು ಇಲ್ಲಿ ಬಂದಿತೆಂದೂ, ಅಂದಿನಿಂದ ನಂಜುಂಡನನ್ನು ಆತ ‘ಹಕೀಮ್’ ಎಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಹೇಳುವ ಕಥೆಯನ್ನು ಮಗು ಎರಡು ಸಲ ಹೇಳಿಸಿಕೊಂಡಿತು. ನಮ್ಮ ತಾಯಿ ಮಾತ್ರ ಅಳತೆಯ ಲೆಕ್ಕವನ್ನೇ ಹಿಡಿದುಕೊಂಡಿದ್ದರು. “385 ಅಡಿಯೇನೋ! ಹಾಗಾದರೆ ಮದುವೆಯಾದಾಗಿನಿಂದ ನಾನು ಹಾಕಿದ ಪ್ರದಕ್ಷಿಣೆ ಎಷ್ಟು ಮೈಲಿ ಆಯಿತೋ ಲೆಕ್ಕ ಹಾಕು” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಪೇಟೆಯಲ್ಲಿ ರಸಬಾಳೆಯನ್ನು ಹುಡುಕಿದೆವು. ಈ ಹಣ್ಣಿಗೆ ಊರಿನ ಹೆಸರಿನಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; ಆದರೆ ಬೇರಿಗೆ ತಗಲುವ ಪನಾಮಾ ಸೊರಗು ರೋಗದಿಂದ ತೋಟಗಳು ನಾಶವಾಗಿ ಬೆಳೆ ಬಹಳ ಕುಗ್ಗಿದೆ. “ಹೆಸರು ಹೇಳಿ ಮಾರೋರು ಬಹಳ, ಹಣ್ಣು ಕಡಿಮೆ” ಎಂದು ಎಚ್ಚರಿಸಿ, ಆತ ಮೂರು ಅಂಗಡಿ ದಾಟಿಸಿ ನಾಲ್ಕನೆಯದರಲ್ಲಿ ಕೊಡಿಸಿದರು. ಪಕ್ಕದಲ್ಲೇ ನಂಜನಗೂಡಿನ ಹಲ್ಲುಪುಡಿಯ ಪೊಟ್ಟಣವನ್ನು ಕಂಡ ಮಗು, “ಇದು ನಮ್ಮ ಮನೆಯಲ್ಲೂ ಇದೆ!” ಎಂದು ಕುಣಿಯಿತು. ಹೆಲ್ಸಿಂಕಿಯ ಸ್ನಾನದ ಮನೆಯಲ್ಲಿ ನಂಜನಗೂಡು ಇಷ್ಟುಕಾಲ ಗುಲಾಬಿ ಬಣ್ಣದ ಪುಡಿಯಾಗಿ ಕುಳಿತಿದ್ದುದು ಆ ಮಗುವಿಗೆ ಆಗ ತಿಳಿಯಿತು.

ಇನ್ನು ನರಸೀಪುರಕ್ಕೆ ಹೊರಡಬೇಕು ಎನ್ನುವಷ್ಟರಲ್ಲಿ ಆತ, “ಹತ್ತು ನಿಮಿಷ ಕೊಡ್ತೀರಾ? ಪಟ್ಟಿಯಲ್ಲಿ ಬರೆದಿಲ್ಲ, ಆದರೆ ಆಸಕ್ತಿ ಇರೋರಿಗೆ ತೋರಿಸ್ತೀನಿ” ಎಂದು ಒಂದು ಬೀದಿಗೆ ತಿರುಗಿದರು. ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಅದು ನಮ್ಮ ಬೀದಿ. ಆತ ನಿಂತದ್ದು ನಮ್ಮ ಮನೆಯ ಮುಂದೆ.

“ಇದು ತೊಟ್ಟಿಯ ಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ. ಸುತ್ತಲೂ ಒಳಕ್ಕೆ ಇಳಿಜಾರಾದ ಹೆಂಚಿನ ಮಾಡು. ಬಿದ್ದ ಮಳೆ ತೊಟ್ಟಿಗಿಳಿದು ಹೊರಗೆ ಹೋಗುತ್ತೆ. ಬೇಸಗೆಯಲ್ಲಿ ಬಿಸಿಗಾಳಿ ಅದೇ ದಾರಿಯಲ್ಲಿ ಮೇಲೇರಿ ಮನೆ ತಂಪಾಗಿರುತ್ತೆ. ಈ ಜಗಲಿ ಮನೆಯವರಿಗಲ್ಲ, ದಾರಿಹೋಕರಿಗೆ. ಒಳಗೆ ನಾನು ನೋಡಿಲ್ಲ, ಯಾವಾಗಲೂ ಬೀಗ. ಹೊರಗಿಂದಲೇ ತೋರಿಸ್ತೀನಿ. ಇಂಥವು ಒಂದೊಂದೇ ಹೋಗ್ತಾ ಇವೆ. ಇದನ್ನೂ ಮಾರ್ತಾರಂತೆ; ಯಾರದೋ ಏನೋ.”

ಯಾರೂ ಮಾತಾಡಲಿಲ್ಲ. ನನ್ನ ಪರೀಕ್ಷೆಯ ಆಟ ನನಗೇ ಮುಳ್ಳಾಯಿತು. ನಮ್ಮ ತಾಯಿ ನಿಧಾನವಾಗಿ ಕೈಚೀಲವನ್ನು ತೆರೆದು ಬೀಗದ ಕೈಯನ್ನು ಹೊರತೆಗೆದರು. “ನಮ್ಮದೇ ಕಣಪ್ಪ. ಒಳಗೆ ಬನ್ನಿ” ಎಂದರು.

ಆಮೇಲಿನ ಅರ್ಧ ಗಂಟೆ ಮಾರ್ಗದರ್ಶಕರು ನಮ್ಮ ತಾಯಿ. ತೊಟ್ಟಿಯಲ್ಲಿ ತರಗೆಲೆ ತುಂಬಿತ್ತು. ಒಂದು ಮೂಲೆಯಲ್ಲಿ ಹೆಂಚು ಸರಿದು ಗೋಡೆಯ ಮೇಲೆ ನೀರಿನ ಕರೆ. ಮೊಸರು ಕಡೆಯುತ್ತಿದ್ದ ಕಂಬದಲ್ಲಿ ಹಗ್ಗ ಉಜ್ಜಿ ಬಿದ್ದ ಗೀರನ್ನು ಮಗುವಿನ ಬೆರಳು ಹಿಡಿದು ಮುಟ್ಟಿಸಿದರು. “ಇದು ನಿನ್ನ ಮುತ್ತಜ್ಜಿ ಮಾಡಿದ ಗೀರು, ಇದರ ಕೆಳಗಿನದು ನನ್ನದು. ನಾನು ಕುಳ್ಳಿ.” ಮಗು ಅಲ್ಲಿಯವರೆಗೆ ಕೇಳಿದ್ದಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಅಲ್ಲಿ ಕೇಳಿತು. ಮಾರ್ಗದರ್ಶಿಗಳು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದರು. ನಾನು ಸರಿದ ಹೆಂಚುಗಳನ್ನು ಎಣಿಸುತ್ತ ನಿಂತಿದ್ದೆ.

ಸುತ್ತೂರಿನ ದಾರಿಯಲ್ಲಿ ಕಾರಿನೊಳಗೆ ಮೌನ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ; ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿಯೆಂಬ ನಂಬಿಕೆ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆಯೆಂಬ ಲೆಕ್ಕದಲ್ಲಿ ಕುಂಭಮೇಳ ಏರ್ಪಡುತ್ತ ಬಂದಿದೆ. ಅದಕ್ಕಿಂತಲೂ ನನಗೆ ಹಿಡಿಸಿದ್ದು ಆತ ಹೇಳಿದ ಇನ್ನೊಂದು ಸಂಗತಿ. 1959ರಿಂದ 1965ರವರೆಗೆ ಡಾಕ್ಟರ್ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಇಲ್ಲಿ ನಡೆದ ಉತ್ಖನನಗಳಲ್ಲಿ ನೂತನ ಶಿಲಾಯುಗದವರ ನೆಲೆ ಸಿಕ್ಕಿತು. ಅವರ ಸಮಾಧಿಗಳು ಸಿಕ್ಕವು. ಮಲಗುವಾಗ ತಲೆಗೆ ಆಸರೆಯಾಗುವಂಥ ಸುಟ್ಟ ಮಣ್ಣಿನ ಪೀಠಗಳೂ ಸಿಕ್ಕವು. “ಅವರಿಗೂ ದಿಂಬು ಬೇಕಿತ್ತಾ ಮಾಮ?” ಎಂದಿತು ಮಗು. ಸಾವಿರಾರು ವರ್ಷಗಳ ಹಿಂದೆಯೂ ಈ ಎರಡು ಹೊಳೆಗಳ ನಡುವೆ ಮನುಷ್ಯ ಮನೆ ಮಾಡಿದ್ದ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ತೋರಲಿಲ್ಲ.

ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರದ ಮಹಿಮೆ ಒಂದು ಗುಲಗಂಜಿಯ ತೂಕ ಹೆಚ್ಚು ಎಂಬುದು ಅದರ ಅರ್ಥ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದು ಈ ಬೀಜದಿಂದಲೇ. ಒಂದು ಗ್ರಾಮಿನ ಎಂಟರಲ್ಲೊಂದು ಪಾಲಿನಷ್ಟು ಭಾರ. ಮಾರ್ಗದರ್ಶಿಗಳು ಪುಟ್ಟ ಡಬ್ಬಿಯಿಂದ ಕೆಂಪು ಮೈ, ಕಪ್ಪು ಕಣ್ಣಿನ ಒಂದು ಬೀಜವನ್ನು ಮಗುವಿನ ಅಂಗೈಗೆ ಹಾಕಿ, “ಬಾಯಿಗೆ ಹಾಕಬೇಡ ಪುಟ್ಟಿ, ಅಗಿದರೆ ವಿಷ” ಎಂದು ಎಚ್ಚರಿಸಿದರು. “ಭಾರವೇ ಇಲ್ಲವಲ್ಲ” ಎಂದಿತು ಮಗು. “ತಕ್ಕಡಿ ಸಮವಾಗಿದ್ದಾಗ ಇಟ್ಟು ನೋಡು, ಗೊತ್ತಾಗುತ್ತೆ” ಎಂದರು.

ಸಂಗಮದ ಮೆಟ್ಟಿಲ ಮೇಲೆ ಕುಳಿತಾಗ ತಂಗಿ, “ಅಣ್ಣ, ಸೋಮವಾರ ನಾನು ಸಹಿ ಹಾಕೋದಿಲ್ಲ” ಎಂದಳು. ನನಗೆ ಸಿಟ್ಟು ಬಂದಿತೆಂಬುದನ್ನು ಮುಚ್ಚಿಡಲಾರೆ. ಸಾಗರದಾಚೆ ಕುಳಿತವರಿಗೆ ಮನೆಯೆಂದರೆ ಚಿತ್ರ. ಇಲ್ಲಿರುವವನಿಗೆ ಕಂದಾಯ, ಹೆಂಚು, ಗೆದ್ದಲು. ಹಾಗೆಂದೇ ಹೇಳಿದೆ. ನನಗೆ ಬೆಂಬಲವಾಗಿ ನಿಂತವರು, ಆಶ್ಚರ್ಯವೆಂದರೆ, ತಾಯಿ. “ದೀಪ ಹಚ್ಚೋರಿಲ್ಲದ ಮನೆ ಇಟ್ಟುಕೊಂಡು ಏನೇ ಮಾಡ್ತೀಯ? ಬರೀ ನೋಡೋರಿಗೆ ಅಂತ ಯಾರಾದರೂ ಮನೆ ಕಟ್ಟುತ್ತಾರೇನೇ?” ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೋರ್ವೊದ ಆ ಮನೆಗಳಲ್ಲಿ ಜನ ಇದ್ದಾರೆ ಅಮ್ಮ. ಕಿಟಕಿಯಲ್ಲಿ ಪರದೆ ಇದೆ, ಬಾಗಿಲಲ್ಲಿ ಸೈಕಲ್ ಇದೆ. ಅದಕ್ಕೇ ಉಳಿದಿವೆ. ನಾವೂ ಯಾರನ್ನಾದರೂ ಇರಿಸೋಣ. ರಿಪೇರಿಯಲ್ಲಿ ಅರ್ಧ ನನ್ನದು” ಎಂದಳು.

ಲೆಕ್ಕಕ್ಕೆ ಕುಳಿತರೆ ತಕ್ಕಡಿ ಇಂದಿಗೂ ಮಾರುವ ಕಡೆಗೇ ವಾಲುತ್ತದೆ. ಸಾಲ ನನ್ನದು ಹಾಗೆಯೇ ಇದೆ. ಆದರೂ ಅಂದು ನಾನು ಒಂದು ವರ್ಷದ ಗಡುವಿಗೆ ಒಪ್ಪಿದೆ. ಗಿರಾಕಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿದ್ದಾಯಿತು. ಮುಂದಿನ ವರ್ಷ ಏನಾಗುವುದೋ ನಾನರಿಯೆ; ಮನೆಯನ್ನು ಉಳಿಸಿದೆವೆಂದು ಹೇಳಿಕೊಳ್ಳುವ ಹಕ್ಕು ಇನ್ನೂ ನನಗಿಲ್ಲ.

ಒಂದು ಮಾತನ್ನು ಮಾತ್ರ ವಾಚಕರಿಗೆ ಧೈರ್ಯವಾಗಿ ಹೇಳಬಲ್ಲೆ. ನಿಮ್ಮ ಊರು ನಿಮಗೆ ಗೊತ್ತಿದೆಯೆಂದು ಭಾವಿಸಿದ್ದರೆ, ಒಂದು ದಿನ ಬಲ್ಲವರೊಬ್ಬರಿಗೆ ಕೂಲಿ ಕೊಟ್ಟು ಅವರ ಹಿಂದೆ ನಡೆಯಿರಿ. ಊರಿನಲ್ಲಿ ಏನಿದೆ ಎಂಬುದರ ಜೊತೆಗೆ, ನೀವು ಏನನ್ನು ಕಳೆಯಲು ಹೊರಟಿದ್ದೀರಿ ಎಂಬುದನ್ನೂ ಅವರು ತೋರಿಸಿಯಾರು. ಆ ಕೂಲಿ ದುಬಾರಿಯಲ್ಲ.

ಕಳೆದ ವಾರ ಆ ಮಾರ್ಗದರ್ಶಿಗಳ ಫೋನು ಬಂದಿತ್ತು. ಭಾನುವಾರ ನಾವು ಮನೆಯ ಬಾಗಿಲು ತೆಗೆಯುವುದಾದರೆ ತಮ್ಮ ಅತಿಥಿಗಳನ್ನು ಒಳಗೆ ಕರೆತರಬಹುದೆ ಎಂದು ಕೇಳಿದರು. ತಾಯಿಯವರಿಗೆ ತಿಳಿಸಿದೆ. “ಎಷ್ಟು ಜನ ಅಂತ ಕೇಳಿದೆಯೇನೋ?” ಎಂದರು. “ಕಾಫಿಗೆ ಹಾಲು ಒಯ್ಯಬೇಕಲ್ಲ.”