ಹಳೆ ಬಾಗಿಲಿಗೆ ಹೊಸ ಕೆಲಸ

ಮಕ್ಕಳೇ, ನಿಮ್ಮ ಅಜ್ಜಿ ರಾತ್ರಿ ಕನ್ನಡಕ ತೆಗೆದು ಎಲ್ಲಿಡುತ್ತಾರೆ? ನಮ್ಮ ಮನೆಯಾಕೆ ಮಂಚದ ಪಕ್ಕ ನೆಲದ ಮೇಲೆ ಇಡುತ್ತಿದ್ದಳು. ಜೊತೆಗೆ ನೀರಿನ ಚೊಂಬು, ಮಾತ್ರೆ ಡಬ್ಬಿ, ಟಾರ್ಚು. ಅವಳಿಗೆ ಕಣ್ಣು ಮಂಜು. ಹೋದ ತಿಂಗಳು ನಡುರಾತ್ರಿ ಚೊಂಬು ಎಡವಿ, ಒದ್ದೆ ನೆಲದಲ್ಲಿ ಜಾರಿಬಿದ್ದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮೇಜು ತಂದರೆ ಅದರ ಕಾಲನ್ನೂ ಎಡವಬಹುದು. ಗೋಡೆಗೇ ಹಲಗೆ ಕೂರಿಸೋಣ ಎಂದು ನಾನೂ, ಆರನೇ ಕ್ಲಾಸಿನ ಮೊಮ್ಮಗಳೂ ತೀರ್ಮಾನಿಸಿದೆವು.

ಊರಿನ ಮನೆ ಕೆಡವಿದಾಗ ತಂದಿದ್ದ ಹಲಸಿನ ಮರದ ಬಾಗಿಲು ಅಟ್ಟದ ಮೇಲಿತ್ತು. ಮೊದಲು ಅದರ ಮೇಲೆ ಅಯಸ್ಕಾಂತ ಆಡಿಸಿದೆವು. ಹಳೆ ಮರದೊಳಗೆ ಅಡಗಿರುವ ಮೊಳೆ ಗರಗಸದ ಹಲ್ಲು ಮುರಿದೀತು. 11 ಮೊಳೆ ಕಿತ್ತೆವು. ಬ್ಯಾಂಕಿನ ಅಭ್ಯಾಸ ನೋಡಿ, ಎರಡು ಸಲ ಎಣಿಸಿದೆ! ಆಮೇಲೆ 16 ಅಂಗುಲ ಉದ್ದ, 10 ಅಂಗುಲ ಅಗಲಕ್ಕೆ ಕೊಯ್ದು ಹತ್ತರಿ ಹೊಡೆದಾಗ, ಕಪ್ಪಾಗಿದ್ದ ಮರದೊಳಗಿಂದ ಜೇನಿನ ಬಣ್ಣ ಕಂಡಿತು. ಉಪ್ಪುಕಾಗದದಿಂದ ಮೂಲೆಗಳನ್ನು ದುಂಡಗೆ ಉಜ್ಜಿದ್ದು ಮೊಮ್ಮಗಳು. ಕೊನೆಗೆ ಅಗಸೆ ಎಣ್ಣೆ ಸವರಿದೆವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಹಾಸಿಗೆಯ ಎತ್ತರಕ್ಕೆ ರಸಮಟ್ಟ ಹಿಡಿದು ಗುರುತು ಮಾಡಿ, ಎರಡು ಬ್ರಾಕೆಟ್ ಜಡಿದು ಹಲಗೆ ಕೂರಿಸಿದೆ. ಮೇಲೆ 5 ಕಿಲೋ ಅಕ್ಕಿ ಚೀಲ ಇಟ್ಟು ಪರೀಕ್ಷೆ ಮಾಡೋಣ ಎಂದಳು ಮೊಮ್ಮಗಳು. ಬೆಳಗಾಗುವುದರೊಳಗೆ ಹಲಗೆ ವಾಲಿತ್ತು! ನಾನು ಹಾಕಿದ್ದು ಒಂದು ಅಂಗುಲದ ಸ್ಕ್ರೂ. ಅದು ಗಾರೆಯನ್ನು ದಾಟಿ ಇಟ್ಟಿಗೆಯೊಳಕ್ಕೆ ಸರಿಯಾಗಿ ಹೋಗಿರಲಿಲ್ಲ. ತಪ್ಪು ನನ್ನದೇ. ಬೇರೆ ಕಡೆ ಇಟ್ಟಿಗೆಯೊಳಕ್ಕೆ ಆಳವಾಗಿ ಕೊರೆದು, ಪ್ಲಗ್ ತೂರಿಸಿ, ಎರಡು ಅಂಗುಲದ ಸ್ಕ್ರೂ ಬಿಗಿದೆ. ಈ ಸಲ ಚೀಲ ಕದಲಲಿಲ್ಲ.

ಹಲಗೆಯಲ್ಲಿ ಹಳೆ ಚಿಲಕದ ತೂತೊಂದು ಉಳಿದಿತ್ತು. ಮುಚ್ಚಲೆಂದು ಮರದ ಚೂರು ಕೆತ್ತುತ್ತಿದ್ದೆ. ಮನೆಯಾಕೆ ಬಂದು ತೂತಿನ ಮೇಲೆ ಬೆರಳಿಟ್ಟು, "ಇದು ಇರಲಿ" ಎಂದಳು. ಮದುವೆಯಾಗಿ ಬಂದಾಗಿನಿಂದ ದಿನಾ ರಾತ್ರಿ ಆ ಚಿಲಕ ಹಾಕುತ್ತಿದ್ದವಳು ಅವಳೇ.

ಈಗ ಕತ್ತಲಲ್ಲಿ ಅವಳ ಬೆರಳು ಮೊದಲು ಆ ತೂತನ್ನು ಹುಡುಕುತ್ತದೆ. ಅದರ ಎಡಕ್ಕೆ ಮಾತ್ರೆ, ಬಲಕ್ಕೆ ಕನ್ನಡಕ. ದೀಪವೇ ಬೇಡ.

ಇವತ್ತು ರಾತ್ರಿ ನಿಮ್ಮ ಅಜ್ಜಿಯ ಮಂಚದ ಪಕ್ಕ ಏನೇನಿದೆ, ಒಮ್ಮೆ ನೋಡಿ ಬನ್ನಿ.